ಕಾಕಟೀಲ್ ಮೊಟ್ಟೆ ಮೇಲೆ ಮೊಟ್ಟೆ ಇಡುತ್ತಿದೆ, ಮರಿ ಮಾತ್ರ ಉಳಿಯುತ್ತಿಲ್ಲ

ಚಿನ್ನಿಮುತ್ತು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಮನೆಯಲ್ಲಿ ಒಂದು ಜೋಡಿ ಕಾಕಟೀಲ್ ಇವೆ, ಜುಟ್ಟಿರುವ ಸಣ್ಣ ಗಿಳಿಗಳು. ಗಂಡು ಮುತ್ತು, ಬೂದು ಬಣ್ಣ. ಹೆಣ್ಣು ಚಿನ್ನಿ, ಲುಟಿನೋ, ಅಂದರೆ ಹಳದಿ-ಬಿಳುಪು ಬಣ್ಣ. ಎರಡಕ್ಕೂ ಎರಡು ವರ್ಷ ಆಗಿದೆ ಅಂತ ಹೇಳಿ ಕೊಟ್ಟರು. ಈಗ ಯೋಚಿಸಿದರೆ ಚಿನ್ನಿಗೆ ಆಗ ಒಂದು ವರ್ಷವೂ ತುಂಬಿರಲಿಲ್ಲವೇನೋ ಅನಿಸುತ್ತಿದೆ. ತಂದ ವಾರದಲ್ಲೇ ಗೂಡಿನ ಪೆಟ್ಟಿಗೆ ಕಟ್ಟಿದೆ. ಎರಡು ತಿಂಗಳಿಗೆ ಐದು ಮೊಟ್ಟೆ ಇಟ್ಟಳು. ಮೂರು ಗೊಡ್ಡು. ಇನ್ನೆರಡರ ಚಿಪ್ಪು ತೀರಾ ತೆಳು. ಪೆಟ್ಟಿಗೆ ಸ್ವಚ್ಛ ಮಾಡುವಾಗ ಬೆರಳು ತಾಗಿದ್ದಕ್ಕೇ ಒಂದು ಕಾಗದದ ಹಾಗೆ ಒಳಗೆ ಕುಸಿಯಿತು.

ಮೊಟ್ಟೆ ತೆಗೆದ ಮೂರೇ ವಾರಕ್ಕೆ ಮತ್ತೆ ಶುರು. ಈ ಸಲ ಆರು ಮೊಟ್ಟೆ, ಎರಡು ಮರಿ ಒಡೆದು ಬಂದವು. ಒಂದು ನಾಲ್ಕನೇ ದಿನ ಹೋಯಿತು, ಇನ್ನೊಂದು ಒಂಬತ್ತನೇ ದಿನ. ಎರಡನೆಯದನ್ನು ಕೈಯಲ್ಲಿ ಎತ್ತಿಕೊಂಡಾಗ ತಣ್ಣಗಿತ್ತು. ಹಳದಿ ತುಪ್ಪುಳು, ಇನ್ನೂ ಕಣ್ಣು ಸರಿಯಾಗಿ ಬಿಟ್ಟಿರಲಿಲ್ಲ. ಅವತ್ತು ನನಗೆ ಊಟ ಸೇರಲಿಲ್ಲ.

ಊಟಕ್ಕೆ ಮುಕ್ಕಾಲು ಭಾಗ ಸೂರ್ಯಕಾಂತಿ ಬೀಜ, ಉಳಿದದ್ದು ನವಣೆ. ತರಕಾರಿ ಹಾಕಿದರೆ ಮೂಸಿಯೂ ನೋಡುವುದಿಲ್ಲ. ಪಂಜರ ಅಡುಗೆಮನೆ ಬಾಗಿಲ ಪಕ್ಕ ಇದೆ, ಅಲ್ಲಿ ಬೆಚ್ಚಗಿರುತ್ತೆ ಅಂತ. ಈಗ ಚಿನ್ನಿ ಮತ್ತೆ ಪೆಟ್ಟಿಗೆಯೊಳಗೆ ಹೋಗಿ ಕೂರುತ್ತಿದ್ದಾಳೆ. ಈ ಸಲವಾದರೂ ಮರಿ ಉಳಿಯಬೇಕೆಂದರೆ ಏನು ಮಾಡಲಿ? ಹತ್ತನೇ ದಿನಕ್ಕೇ ಮರಿ ತೆಗೆದು ಕೈಯಲ್ಲಿ ಗುಟುಕು ಕೊಡಿ, ಹೆಣ್ಣು ಬೇಗ ಮುಂದಿನ ಮೊಟ್ಟೆಗೆ ಬರುತ್ತೆ ಅಂತ ಒಬ್ಬರು ಹೇಳಿದರು. ಹಾಗೆ ಮಾಡಲಾ?

ಹಳದಿಜುಟ್ಟು:

ಸೂರ್ಯಕಾಂತಿ ಇವತ್ತೇ ಪೂರ್ತಿ ನಿಲ್ಲಿಸಿ. ಚಿಪ್ಪು ತೆಳುವಾಗಿದ್ದರೆ ಕ್ಯಾಲ್ಸಿಯಂ ಕಮ್ಮಿ ಅಂತಲೇ ಅರ್ಥ. ದ್ರವ ಕ್ಯಾಲ್ಸಿಯಂ ದಿನಾ ಕುಡಿಯುವ ನೀರಿಗೆ ಬೆರೆಸಿ ಇಡಿ. ಒಂದು ತಿಂಗಳಲ್ಲಿ ಸರಿಹೋಗುತ್ತೆ.

ಗುಟುಕು:

ಚಿನ್ನಿಮುತ್ತು ಅವರೇ, ಮೊದಲು ಪೆಟ್ಟಿಗೆ ತೆಗೆಯಿರಿ. ಇದನ್ನು ಓದಿ ಮುಗಿಸುವ ಮುಂಚೆ ಎದ್ದು ಹೋಗಿ ತೆಗೆದರೂ ಸರಿ. ಮರಿ ಉಳಿಸುವ ಮಾತು ಆಮೇಲೆ. ಈಗ ಚಿನ್ನಿಯನ್ನು ಉಳಿಸಿಕೊಳ್ಳಬೇಕು.

ನಾನು ಹದಿನಾರು ವರ್ಷದಿಂದ ಕಾಕಟೀಲ್ ಸಾಕುತ್ತಿದ್ದೇನೆ. ಮೊದಲ ಎರಡು ವರ್ಷ ನೀವು ಮಾಡಿದ್ದನ್ನೇ ನಾನೂ ಮಾಡಿದೆ. ಬೆಳ್ಳಿ ಅಂತ ಒಂದು ಹೆಣ್ಣಿತ್ತು. ಕಾಳು ಬಿಟ್ಟು ಬೇರೇನೂ ತಿನ್ನುತ್ತಿರಲಿಲ್ಲ, ಒಂದರ ಹಿಂದೊಂದು ಮೂರು ಸಲ ಮೊಟ್ಟೆಗೆ ಬಂತು. ಮೂರನೇ ಸಲ ಎರಡನೇ ಮೊಟ್ಟೆ ಬರಬೇಕಾದ ದಿನ ಬೆಳಿಗ್ಗೆ ಪಂಜರದ ನೆಲದ ಮೂಲೆಯಲ್ಲಿ ಕೂತಿದ್ದಳು. ಪುಕ್ಕ ಉಬ್ಬಿಸಿಕೊಂಡು, ಕಾಲು ಅಗಲಿಸಿ. ಒಂದೊಂದು ಉಸಿರಿಗೂ ಬಾಲ ಮೇಲೆ ಕೆಳಗೆ ಆಡುತ್ತಿತ್ತು. ಚಳಿ ಇರಬೇಕು ಅಂದುಕೊಂಡು ಬಟ್ಟೆ ಹೊದಿಸಿ ಕಾದೆ. ಐದು ಗಂಟೆ ಕಾದೆ. ಮಧ್ಯಾಹ್ನಕ್ಕೆ ಹೋಗಿಬಿಟ್ಟಳು. ಒಳಗೆ ಸಿಕ್ಕಿಕೊಂಡಿದ್ದ ಮೊಟ್ಟೆಯ ಚಿಪ್ಪು ನೆನೆದ ತೊಗಲಿನ ಹಾಗೆ ಮೆತ್ತಗಿತ್ತು.

ಆ ಐದು ಗಂಟೆಯಲ್ಲಿ ನಾನು ವೈದ್ಯರ ಹತ್ತಿರ ಓಡಬೇಕಿತ್ತು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಹೆಣ್ಣು ನೆಲಕ್ಕೆ ಇಳಿದು ಉಬ್ಬಿಕೊಂಡು ಕೂತು ತಿಣುಕುತ್ತಿದ್ದರೆ ಪಕ್ಷಿ ನೋಡುವ ವೈದ್ಯರ ಹತ್ತಿರ ಆಗಲೇ ಹೊರಡಿ. ದಾರಿಯುದ್ದಕ್ಕೂ ಅವಳನ್ನು ಬೆಚ್ಚಗೆ ಇಡಿ, 30 ಡಿಗ್ರಿ ಸೆಲ್ಸಿಯಸ್ ಹತ್ತಿರ ಇದ್ದರೆ ಸಾಕು. ಹೊಟ್ಟೆ ಒತ್ತಿ ಮೊಟ್ಟೆ ಹೊರಗೆ ತಳ್ಳಲು ಹೋಗಬೇಡಿ, ಒಳಗೆ ಒಡೆದರೆ ಜೀವಕ್ಕೇ ಅಪಾಯ.

ಚಿಪ್ಪು ಯಾಕೆ ತೆಳುವಾಯಿತು ಅಂತ ಒಮ್ಮೆ ಅರ್ಥವಾದರೆ ಮುಂದಿನದೆಲ್ಲ ಸುಲಭ. ಮೊಟ್ಟೆಗೆ ಬರುವ ಮುಂಚೆ ಹೆಣ್ಣು ತನ್ನ ಉದ್ದ ಮೂಳೆಗಳ ಒಳಗೆ ಕ್ಯಾಲ್ಸಿಯಂ ಕೂಡಿಟ್ಟುಕೊಳ್ಳುತ್ತೆ. ಚಿಪ್ಪು ಕಟ್ಟುವಾಗ ಊಟದಲ್ಲಿ ಸಿಕ್ಕಿದ್ದು ಸಾಲದೇ ಹೋದರೆ ಆ ಗಂಟಿನಿಂದ ತೆಗೆಯುತ್ತೆ. ಒಂದು ದಿನ ಬಿಟ್ಟು ಒಂದು ದಿನ ಒಂದೊಂದು ಮೊಟ್ಟೆ. 90 ಗ್ರಾಂ ಹಕ್ಕಿಯಲ್ಲಿ ಎಷ್ಟು ಇರಬಹುದು ಹೇಳಿ? ಗಂಟು ಖಾಲಿಯಾದರೆ ಚಿಪ್ಪು ತೆಳುವಾಗುತ್ತೆ. ಅಷ್ಟೇ ಅಲ್ಲ, ಮೊಟ್ಟೆಯನ್ನು ಹೊರಗೆ ತಳ್ಳುವ ಸ್ನಾಯು ಬಿಗಿಯುವುದಕ್ಕೂ ಅದೇ ಕ್ಯಾಲ್ಸಿಯಂ ಬೇಕು. ಹಾಗಾಗಿಯೇ ಮೆತ್ತನೆ ಮೊಟ್ಟೆ ಒಳಗೇ ಸಿಕ್ಕಿಕೊಳ್ಳುವುದು.

ಸೂರ್ಯಕಾಂತಿಯ ತಿರುಳಲ್ಲಿ ಅರ್ಧಕ್ಕರ್ಧ ಕೊಬ್ಬು. ಕ್ಯಾಲ್ಸಿಯಂಗಿಂತ ಸುಮಾರು ಎಂಟು ಪಟ್ಟು ಫಾಸ್ಫರಸ್. ಫಾಸ್ಫರಸ್ ಜಾಸ್ತಿಯಾದರೆ ತಿಂದ ಕ್ಯಾಲ್ಸಿಯಂ ಕೂಡ ಮೈಗೆ ಹತ್ತುವುದಿಲ್ಲ. ವಿಟಮಿನ್ ಎ ಅಂತೂ ಒಣ ಕಾಳಲ್ಲಿ ಇಲ್ಲವೆಂದೇ ಹೇಳಬಹುದು. ಅಂದರೆ ಚಿನ್ನಿ ಹೊಟ್ಟೆ ತುಂಬ ತಿಂದೂ ಬಡವಾಗಿದ್ದಾಳೆ.

ಹಳದಿಜುಟ್ಟು ಅವರು ಕ್ಯಾಲ್ಸಿಯಂ ಅಂದದ್ದು ಸರಿ. ಆದರೆ ಎರಡು ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ನೀರಿಗೆ ಹಾಕಿದರೆ ಎಷ್ಟು ಒಳಗೆ ಹೋಯಿತು ಅಂತ ಗೊತ್ತಾಗುವುದಿಲ್ಲ, ರುಚಿ ಹಿಡಿಸದೆ ನೀರೇ ಬಿಟ್ಟ ಹಕ್ಕಿಗಳಿವೆ. ಮತ್ತೆ ವಿಟಮಿನ್ ಡಿ3 ಇಲ್ಲದೆ ಕ್ಯಾಲ್ಸಿಯಂ ರಕ್ತಕ್ಕೆ ಸೇರುವುದಿಲ್ಲ. ಡಿ3 ಅಳತೆ ಮೀರಿದರೆ ಮೂತ್ರಪಿಂಡ ಹಾಳು. ಆದ್ದರಿಂದ ಔಷಧಿಯ ಅಳತೆ ವೈದ್ಯರೇ ಹೇಳಲಿ. ನೀವು ಇವತ್ತೇ ಮಾಡಬಹುದಾದದ್ದು: ಪಂಜರಕ್ಕೆ ಒಂದು ಕಟಲ್‌ಬೋನ್ (ಕಟಲ್‌ಫಿಶ್ ಅನ್ನುವ ಕಡಲಜೀವಿಯ ಸುಣ್ಣದ ಚಿಪ್ಪು) ಸಿಕ್ಕಿಸಿ. ಅವಳೇ ಬೇಕಾದಷ್ಟು ಕೆರೆದು ತಿನ್ನುತ್ತಾಳೆ. ಬೆಳಗಿನ ಎಳೆ ಬಿಸಿಲಿಗೆ ಪಂಜರ ಇಡಿ, ಅರ್ಧಕ್ಕೆ ನೆರಳಿರಲಿ. ಕಿಟಕಿ ಗಾಜಿನ ಹಿಂದೆ ಇಟ್ಟರೆ ಉಪಯೋಗವಿಲ್ಲ, ಡಿ3 ಹುಟ್ಟಿಸುವ ಕಿರಣವನ್ನು ಗಾಜು ತಡೆದುಬಿಡುತ್ತೆ.

ಸೂರ್ಯಕಾಂತಿಯನ್ನು ಒಂದೇ ದಿನಕ್ಕೆ ನಿಲ್ಲಿಸಬೇಡಿ. ಇದು ಬಹಳ ಮುಖ್ಯ. ಗಿಳಿ ಜಾತಿ ಹಕ್ಕಿಗೆ ಪರಿಚಯವಿಲ್ಲದ ವಸ್ತು ಊಟ ಅಂತಲೇ ಹೊಳೆಯುವುದಿಲ್ಲ. ತುಂಬಿದ ಬಟ್ಟಲ ಮುಂದೆ ಉಪವಾಸ ಕೂರುತ್ತೆ. ಒಂದು ಗ್ರಾಂ ತಕ್ಕಡಿ ತನ್ನಿ. ಬೆಳಿಗ್ಗೆ ಮೊದಲ ಹಿಕ್ಕೆ ಹಾಕಿದ ಮೇಲೆ, ಊಟಕ್ಕೆ ಮುಂಚೆ ತೂಗಿ ಬರೆದಿಡಿ. ಶುರುವಿನ ತೂಕಕ್ಕಿಂತ ನೂರಕ್ಕೆ ಐದು ಇಳಿದರೆ ಹಳೇ ಊಟಕ್ಕೆ ವಾಪಸ್ ಬನ್ನಿ. ಹತ್ತು ಇಳಿಯುವ ತನಕ ಬಿಟ್ಟರೆ ಅಪಾಯ. ಬಟ್ಟಲ ಮೇಲಿನ ಹೊಟ್ಟನ್ನು ದಿನಾ ಊದಿ ತೆಗೆಯಿರಿ. ಎಷ್ಟೋ ಮನೆಗಳಲ್ಲಿ ಬಟ್ಟಲು ತುಂಬಿದೆ ಅಂದುಕೊಂಡಿರುತ್ತಾರೆ, ಇರುವುದು ಬರೀ ಹೊಟ್ಟು.

ತರಕಾರಿ ಕಲಿಸುವುದಕ್ಕೆ ನನಗೆ ಒಂದೊಂದು ಹಕ್ಕಿಗೆ ಎರಡು ತಿಂಗಳೂ ಹಿಡಿದಿದೆ. ನಾನು ಮಾಡುವುದು ಹೀಗೆ. ಕ್ಯಾರೆಟ್ಟನ್ನು ಸಣ್ಣಗೆ ತುರಿದು, ಹಿಂಡಿ, ನವಣೆ ಜೊತೆ ಕಲಸುತ್ತೇನೆ. ಒದ್ದೆ ತುರಿಗೆ ಕಾಳು ಅಂಟಿಕೊಳ್ಳುತ್ತೆ, ಕಾಳು ಬಿಡಿಸುವಾಗ ಕ್ಯಾರೆಟ್ ನಾಲಿಗೆಗೆ ತಾಗುತ್ತೆ. ಒಂದು ವಾರ ಕಾಳನ್ನು ಮಾತ್ರ ಹೆಕ್ಕುತ್ತೆ, ಕೊಕ್ಕನ್ನು ಸರಳಿಗೆ ಒರೆಸಿಕೊಳ್ಳುತ್ತೆ. ಬೇಜಾರಾಗಬೇಡಿ. ಒಂದು ದಿನ ಹಿಕ್ಕೆಯಲ್ಲಿ ಕಿತ್ತಳೆ ಬಣ್ಣ ಕಾಣುತ್ತೆ. ಅವತ್ತು ಗೆದ್ದಿರಿ. ಸೊಪ್ಪನ್ನು ಬಟ್ಟಲಿಗೆ ಹಾಕಬೇಡಿ, ನೀರಲ್ಲಿ ಅದ್ದಿ ಪಂಜರದ ಸರಳಿಗೆ ಎತ್ತರದಲ್ಲಿ ಸಿಕ್ಕಿಸಿ. ಕೆಲವು ಹಕ್ಕಿ ಒದ್ದೆ ಎಲೆಗೆ ಮೈ ಉಜ್ಜಿ ಸ್ನಾನ ಮಾಡುತ್ತವೆ, ಹಾಗೇ ಕಚ್ಚುವುದನ್ನೂ ಕಲಿಯುತ್ತವೆ. ಬೇಯಿಸಿದ ಸಿಹಿಗೆಣಸು, ಕೆಂಪು ದಪ್ಪ ಮೆಣಸಿನಕಾಯಿ, ಬ್ರೊಕೋಲಿ, ಕೊತ್ತಂಬರಿ ಎಲ್ಲ ಒಳ್ಳೆಯದು. ಪಾಲಕ್ ಅಪರೂಪಕ್ಕೆ ಸಾಕು, ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಹಿಡಿದುಕೊಂಡುಬಿಡುತ್ತೆ. ಬೆಣ್ಣೆಹಣ್ಣು, ಚಾಕೊಲೇಟ್, ಕಾಫಿ, ಟೀ, ಈರುಳ್ಳಿ ಯಾವತ್ತೂ ಬೇಡ. ಬೆಣ್ಣೆಹಣ್ಣು ಗಿಳಿಗೆ ವಿಷವೇ.

ಹಕ್ಕಿ ಇನ್ನೊಬ್ಬರನ್ನು ನೋಡಿ ಕಲಿಯುತ್ತೆ. ನೀವು ಪಂಜರದ ಪಕ್ಕ ಕೂತು ಅದೇ ಕ್ಯಾರೆಟ್ ತಿನ್ನಿ. ಸುಮ್ನೆ ಹೇಳುತ್ತಿಲ್ಲ, ನಮ್ಮ ಮನೆಯಲ್ಲಿ ಅರ್ಧ ಹಕ್ಕಿಗಳು ಹಾಗೇ ಕಲಿತದ್ದು.

ಒಂದು ಎಚ್ಚರಿಕೆ. ಮೊಳಕೆ ಕಾಳು, ಬೇಯಿಸಿದ ಮೊಟ್ಟೆ ಒಳ್ಳೆಯದೇ, ಆದರೆ ಈಗ ಕೊಡಬೇಡಿ. ಕಾಕಟೀಲ್ ಹುಟ್ಟಿದ ನಾಡು ಆಸ್ಟ್ರೇಲಿಯಾದ ಒಣ ಒಳನಾಡು. ಮಳೆ ಬಿದ್ದು ಹುಲ್ಲಿನ ಕಾಳು ಹಾಲುತುಂಬಿದಾಗ ಅಲ್ಲಿ ಗೂಡು ಹುಡುಕುತ್ತವೆ. ಮೆತ್ತನೆಯ ಊಟ, ಉದ್ದ ಬೆಳಕು, ಕತ್ತಲೆಯ ಪೆಟ್ಟಿಗೆ, ಈ ಮೂರೂ ಒಟ್ಟಿಗೆ ಸಿಕ್ಕರೆ ಅವುಗಳ ಮೈ ಮರಿ ಮಾಡುವ ಕಾಲ ಬಂತು ಅಂದುಕೊಳ್ಳುತ್ತೆ. ಚಿನ್ನಿಗೆ ಈಗ ಅದರ ಉಲ್ಟಾ ಬೇಕು. ಪೆಟ್ಟಿಗೆ ಬೇಡ, ಅಡಗಿ ಕೂರುವ ಮೂಲೆ ಬೇಡ, ಬೆನ್ನು ಸವರುವುದು ಬೇಡ. ದಿನಕ್ಕೆ ಹತ್ತು ಗಂಟೆ ಬೆಳಕು, ಉಳಿದ ಹೊತ್ತು ಕತ್ತಲು ಮತ್ತು ನಿದ್ದೆ. ಕಮ್ಮಿಯೆಂದರೂ ಆರು ತಿಂಗಳು ಹೀಗೆ ಇರಲಿ. ಅಷ್ಟರಲ್ಲಿ ಅವಳ ವಯಸ್ಸೂ ಒಂದೂವರೆ ವರ್ಷ ಖಂಡಿತ ದಾಟಿರುತ್ತೆ. ಅದಕ್ಕೆ ಮುಂಚೆ ಯಾವ ಕಾಕಟೀಲ್ ಹೆಣ್ಣಿಗೂ ಪೆಟ್ಟಿಗೆ ಕೊಡಬಾರದು. ವರ್ಷಕ್ಕೆ ಎರಡು ಸಲಕ್ಕಿಂತ ಜಾಸ್ತಿ ಮರಿ ಮಾಡಿಸಲೂಬಾರದು.

ಬೂದುರೆಕ್ಕೆ:

ಗುಟುಕು ಅವರು ಎಲ್ಲ ಹೇಳಿದ್ದಾರೆ. ನನ್ನದು ಒಂದೇ ಮಾತು, ಪಂಜರವನ್ನು ಅಡುಗೆಮನೆ ಹತ್ತಿರದಿಂದ ತೆಗೆಯಿರಿ. ನಾನ್‌ಸ್ಟಿಕ್ ಪಾತ್ರೆ ಖಾಲಿ ಕಾದು ಅತಿ ಬಿಸಿಯಾದರೆ ಬರುವ ಹೊಗೆ ನಮ್ಮ ಕಣ್ಣಿಗೆ ಕಾಣುವುದೂ ಇಲ್ಲ, ಹಕ್ಕಿಯ ಶ್ವಾಸಕೋಶಕ್ಕೆ ಕೆಲವೇ ನಿಮಿಷದಲ್ಲಿ ಮಾರಕ. ನಮ್ಮ ಪರಿಚಯದ ಮನೆಯಲ್ಲಿ ಒಂದೇ ಸಂಜೆ ನಾಲ್ಕು ಬಡ್ಜಿ ಗಿಳಿಗಳು ಹೋದವು.

ಚಿನ್ನಿಮುತ್ತು:

ಗುಟುಕು ಅಕ್ಕ, ಓದುತ್ತಾ ಓದುತ್ತಾ ಎದ್ದು ಹೋಗಿ ಪೆಟ್ಟಿಗೆ ತೆಗೆದೆ. ಪಂಜರ ಹಾಲಿಗೆ ತಂದಿದ್ದೇನೆ. ಆದರೆ ಇವತ್ತು ಬೆಳಿಗ್ಗೆ ಪಂಜರದ ನೆಲದ ಮೇಲೆ ಒಂದು ಮೊಟ್ಟೆ! ಚಿನ್ನಿ ಚುರುಕಾಗಿದ್ದಾಳೆ, ತಿನ್ನುತ್ತಿದ್ದಾಳೆ. ತೂಕ 86 ಗ್ರಾಂ. ಮೊಟ್ಟೆ ಎಸೆಯಲಾ? ಕೈಯಲ್ಲಿ ಗುಟುಕು ಕೊಡುವ ವಿಷಯಕ್ಕೂ ಉತ್ತರ ಹೇಳಿ. ಮರಿಗಳು ಯಾಕೆ ಸತ್ತವು ಅನ್ನುವುದು ತಲೆಯಿಂದ ಹೋಗುತ್ತಿಲ್ಲ.

ಗುಟುಕು:

ಎಸೆಯಬೇಡಿ. ತೆಗೆದಷ್ಟೂ ಇನ್ನೊಂದು ಇಡುತ್ತಾಳೆ, ಅವಳ ಲೆಕ್ಕ ತುಂಬುವ ತನಕ ಬಿಡುವುದಿಲ್ಲ. ಮೊಟ್ಟೆಯನ್ನು ಚೆನ್ನಾಗಿ ಬೇಯಿಸಿ, ಪೂರ್ತಿ ಆರಿಸಿ ವಾಪಸ್ ಅಲ್ಲೇ ಇಡಿ. ಅಥವಾ ಅದೇ ಅಳತೆಯ ಪ್ಲಾಸ್ಟಿಕ್ ಮೊಟ್ಟೆ ಇಡಿ. ಕೂರಲಿ. ಮೂರು ವಾರ ಕೂತು ಅವಳೇ ಬಿಟ್ಟು ಎದ್ದ ಮೇಲೆ ತೆಗೆಯಿರಿ. ಕೂತಿರುವಾಗ ಹೊಸ ಮೊಟ್ಟೆಗೆ ಶಕ್ತಿ ಖರ್ಚಾಗುವುದಿಲ್ಲ. ಒಂದು ಇಟ್ಟಿದ್ದಾಳೆ ಅಂದರೆ ಮುಂದಿನ ವಾರವಿಡೀ ಕಣ್ಣಿಟ್ಟಿರಿ. ಈ ವಾರದಲ್ಲೇ ಒಮ್ಮೆ ವೈದ್ಯರಿಗೆ ತೋರಿಸಿ, ಕ್ಯಾಲ್ಸಿಯಂ ಅಳತೆಯನ್ನು ಅವರಿಂದಲೇ ಬರೆಸಿಕೊಳ್ಳಿ.

ಮರಿಗಳದ್ದು. ಸತ್ತಾಗ ಗಂಟಲ ಚೀಲ ತುಂಬಿತ್ತೋ ಖಾಲಿಯಿತ್ತೋ ನೋಡಿದ್ದಿರಾ? ಎಳೆ ಮರಿಗೆ ಕತ್ತಿನ ಬುಡದಲ್ಲಿ ತೆಳು ಚರ್ಮದ ಕೆಳಗೆ ಆ ಚೀಲ ಕಾಣುತ್ತೆ, ಒಳಗಿನ ಕಾಳೂ ಕಾಣುತ್ತೆ. ಖಾಲಿಯಿದ್ದರೆ ತಂದೆ ತಾಯಿ ಗುಟುಕು ಕೊಟ್ಟಿಲ್ಲ. ತುಂಬಿದ್ದೂ ಸತ್ತಿದ್ದರೆ ಒಳಗೆ ಜೀರ್ಣವಾಗದೆ ಹುಳಿತಿರಬಹುದು, ಇಲ್ಲ ಸೋಂಕು ಇರಬಹುದು. ಇನ್ನು ಮುಂದೆ ಹಾಗೇನಾದರೂ ಆದರೆ ಮರಿಯನ್ನು ಹೂಳಬೇಡಿ. ಕವರಿನಲ್ಲಿ ಸುತ್ತಿ ಫ್ರಿಜ್ಜಿನ ಕೆಳಗಿನ ಭಾಗದಲ್ಲಿ ಇಟ್ಟು ವೈದ್ಯರಿಗೆ ಕೊಡಿ. ಫ್ರೀಜರ್‌ನಲ್ಲಿ ಇಟ್ಟರೆ ಪರೀಕ್ಷೆಗೆ ಕೆಡುತ್ತೆ. ಮನಸ್ಸಿಗೆ ಕಷ್ಟ ಅಂತ ಗೊತ್ತು. ಮುಂದಿನ ಮರಿಗೆ ಅದರಿಂದಲೇ ಉಪಕಾರ.

ಇನ್ನು ಹತ್ತನೇ ದಿನಕ್ಕೆ ಮರಿ ಕಿತ್ತುಕೊಳ್ಳಿ ಅನ್ನುವ ಸಲಹೆ. ಇದು ನನಗೆ ಬಹಳ ನೋವು ಕೊಡುವ ಮಾತು. ಕಾಕಟೀಲ್‌ನಲ್ಲಿ ಗಂಡು ಹೆಣ್ಣು ಇಬ್ಬರೂ ಕಾವು ಕೂರುತ್ತಾರೆ, ಹಗಲು ಹೆಚ್ಚಾಗಿ ಗಂಡು, ರಾತ್ರಿ ಹೆಣ್ಣು. ಇಬ್ಬರೂ ಗುಟುಕು ಕೊಡುತ್ತಾರೆ. ಮರಿ ಆಗಲಿ ಅಂತಲೇ ಅಲ್ವಾ ಮೂರು ವಾರ ಕೂತದ್ದು. ಹೆಣ್ಣನ್ನು ಬೇಗ ಮುಂದಿನ ಮೊಟ್ಟೆಗೆ ತರಲು ಮರಿ ತೆಗೆಯುವುದು ಅಂದರೆ ಬೆಳ್ಳಿಗೆ ಆದದ್ದನ್ನೇ ಇನ್ನೊಂದಕ್ಕೆ ಮಾಡಿದ ಹಾಗೆ.

ಮರಿ ಮನುಷ್ಯರಿಗೆ ಹೊಂದಿಕೊಳ್ಳಬೇಕು ಅಂದರೆ ಬೇರೆ ದಾರಿ ಇದೆ. ಎರಡು ವಾರ ದಾಟಿದ ಮೇಲೆ ದಿನಕ್ಕೆ ಹತ್ತು ಹದಿನೈದು ನಿಮಿಷ ಕೈಯಲ್ಲಿ ಇಟ್ಟುಕೊಂಡು ವಾಪಸ್ ಗೂಡಿಗೆ ಬಿಡಿ. ಗುಟುಕು ತಂದೆ ತಾಯಿಯದು, ಸಲುಗೆ ನಿಮ್ಮದು. ನಮ್ಮ ಮನೆಯಲ್ಲಿ ಹಾಗೆ ಬೆಳೆದವು ಭುಜ ಬಿಟ್ಟು ಇಳಿಯುವುದಿಲ್ಲ.

ತಂದೆ ತಾಯಿ ಕೈಬಿಟ್ಟರೆ ಮಾತ್ರ ನಾವು ಗುಟುಕು ಕೊಡಬೇಕು. ಆಗಲೂ ಮೊದಲ ಸಲ ಗೊತ್ತಿದ್ದವರ ಪಕ್ಕ ಕೂತು ಕಲಿಯಿರಿ, ಓದಿ ಕಲಿಯುವ ಕೆಲಸವಲ್ಲ ಅದು.

ಎಳೆಗರಿ:

ಇಲ್ಲಿ ನನ್ನ ಅನುಭವ ಹೇಳಲೇಬೇಕು. ಎರಡು ವರ್ಷದ ಹಿಂದೆ ತಾಯಿ ಬಿಟ್ಟ ಒಂದು ಮರಿಗೆ ಗುಟುಕು ಕೊಟ್ಟೆ. ಮರಿಗಳಿಗೆ ಕೊಡುವ ಆಹಾರದ ಪುಡಿಯನ್ನು ಕಲಸಿ ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದೆ. ಕೈ ಮೇಲೆ ಒಂದು ಹನಿ ಬಿಟ್ಟು ನೋಡಿದಾಗ ಹದವಾಗಿತ್ತು. ಮೇಲೆ ಹದ, ನಡುವೆ ಕೆಂಡ. ನಾಲ್ಕು ದಿನ ಬಿಟ್ಟು ಮರಿಯ ಎದೆಯ ಮೇಲೆ ಒಂದು ಕಂದು ಮಚ್ಚೆ ಬಂತು, ಆಮೇಲೆ ಅದೇ ಜಾಗದಲ್ಲಿ ತೂತಾಗಿ ಕುಡಿಸಿದ್ದೆಲ್ಲ ಹೊರಗೆ ಸೋರತೊಡಗಿತು. ಗಂಟಲ ಚೀಲ ಬೆಂದಿತ್ತು. ವೈದ್ಯರು ಹೊಲಿಗೆ ಹಾಕಿ ಉಳಿಸಿದರು. ಈಗ ಚೆನ್ನಾಗಿದ್ದಾನೆ.

ಅವತ್ತಿನಿಂದ ಥರ್ಮಾಮೀಟರ್ ಇಲ್ಲದೆ ಒಂದು ಹನಿಯೂ ಕೊಡುವುದಿಲ್ಲ. 39ರಿಂದ 41 ಡಿಗ್ರಿ ಸೆಲ್ಸಿಯಸ್. ಜಾಸ್ತಿಯಾದರೆ ಸುಡುತ್ತೆ, ತಣ್ಣಗಿದ್ದರೆ ಚೀಲದಲ್ಲೇ ನಿಂತು ಹುಳಿಯುತ್ತೆ. ಬಿಸಿನೀರಿನ ಬಟ್ಟಲಲ್ಲಿ ಇಟ್ಟು ಬಿಸಿ ಮಾಡಿ, ಕೆದಕಿ, ಮತ್ತೆ ಅಳೆಯಿರಿ. ಉಳಿದದ್ದನ್ನು ಚೆಲ್ಲಿ, ಮುಂದಿನ ಹೊತ್ತಿಗೆ ಇಡಬೇಡಿ. ಸಿರಿಂಜನ್ನು ಮರಿಯ ಎಡಬದಿಯಿಂದ ಬಲಕ್ಕೆ ತೋರಿಸಿ ಹಿಡಿಯಬೇಕು, ಅನ್ನನಾಳ ಬಲಕ್ಕಿದೆ. ಮರಿ ತಲೆ ಆಡಿಸಿ ಕೇಳುವಾಗ ಮಾತ್ರ ಕೊಡಿ. ಸುಮ್ಮನಿರುವ ಮರಿಯ ಬಾಯಿಗೆ ಸುರಿದರೆ ಶ್ವಾಸಕ್ಕೆ ಹೋಗುತ್ತೆ.

ಹಳದಿಜುಟ್ಟು:

ಗುಟುಕು ಅವರು ಹೇಳಿದ ಮೇಲೆ ನನ್ನ ಹಕ್ಕಿಗಳ ನೀರನ್ನು ಗಮನಿಸಿದೆ. ಕ್ಯಾಲ್ಸಿಯಂ ಹಾಕಿದ ದಿನ ನಿಜಕ್ಕೂ ಕಮ್ಮಿ ಕುಡಿಯುತ್ತಿವೆ. ನಿಲ್ಲಿಸಿದ್ದೇನೆ. ಧನ್ಯವಾದ.

ಚಿನ್ನಿಮುತ್ತು:

ಐದು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಆ ಸಲ ಚಿನ್ನಿ ಮೂರೇ ಮೊಟ್ಟೆಗೆ ನಿಲ್ಲಿಸಿದಳು. ಬೇಯಿಸಿಟ್ಟ ಮೊಟ್ಟೆಗಳ ಮೇಲೆ ಹತ್ತೊಂಬತ್ತು ದಿನ ಕೂತು ಎದ್ದಳು. ಆಮೇಲೆ ಒಂದೂ ಇಟ್ಟಿಲ್ಲ. ವೈದ್ಯರು ಬಾಯಿ ತೆರೆಸಿ ನೋಡಿ ವಿಟಮಿನ್ ಎ ಕೊರತೆ ಇದೆ ಅಂದರು.

ಕ್ಯಾರೆಟ್ ತಿನ್ನಲು ನಲವತ್ತೊಂದು ದಿನ ತೆಗೆದುಕೊಂಡಳು. ಕಿತ್ತಳೆ ಹಿಕ್ಕೆ ಕಂಡ ದಿನ ಮನೆಯವರನ್ನೆಲ್ಲ ಕರೆದು ತೋರಿಸಿದೆ. ಮುತ್ತು ಇನ್ನೂ ಕೊತ್ತಂಬರಿ ಕಾಂಡ ಮಾತ್ರ ಕಡಿಯುತ್ತಾನೆ, ಎಲೆ ಬಿಸಾಡುತ್ತಾನೆ. ಸೂರ್ಯಕಾಂತಿ ಈಗ ದಿನಕ್ಕೆ ನಾಲ್ಕು ಬೀಜ, ಅದೂ ಕೈಗೆ ಬಂದಾಗ ಬಹುಮಾನ. ಊಟದಲ್ಲಿ ಅರ್ಧ ಪೆಲೆಟ್ (ಹಕ್ಕಿಗೆಂದೇ ಮಾಡಿದ ಗುಳಿಗೆಯಂಥ ಆಹಾರ), ಉಳಿದದ್ದು ತರಕಾರಿ ಮತ್ತು ಸಣ್ಣ ಕಾಳು. ಚಿನ್ನಿ 94 ಗ್ರಾಂ. ಹಳದಿ ಬಣ್ಣ ಮೊದಲಿಗಿಂತ ಹೊಳೆಯುತ್ತಿದೆ.

ಇನ್ನೂ ಎರಡು ತಿಂಗಳು ಬಿಟ್ಟು ಪೆಟ್ಟಿಗೆ ಕೊಡೋಣ ಅಂತಿದ್ದೇನೆ. ಹಳೇ ಪೆಟ್ಟಿಗೆ ಚಿಕ್ಕದು, ಒಳಗೆ ನುಣುಪು ಪ್ಲೈವುಡ್. ಅದೇ ಆಗುತ್ತಾ?

ಗುಟುಕು:

ಓದಿ ಕಣ್ಣು ತುಂಬಿತು. 94 ಗ್ರಾಂ!

ಅದು ಬೇಡ. ನುಣುಪು ತಳದಲ್ಲಿ ಮರಿಗಳ ಕಾಲು ಜಾರಿ ಎರಡೂ ಕಡೆ ಅಗಲಿಕೊಂಡು ಹಾಗೇ ಬಲಿತುಬಿಡುತ್ತವೆ. ಮೂರೂ ಕಡೆ 30 ಸೆಂಟಿಮೀಟರ್ ಇರುವ ಪೆಟ್ಟಿಗೆ ಮಾಡಿಸಿ, ಬಾಗಿಲಿನ ತೂತು 7 ಸೆಂಟಿಮೀಟರ್ ಅಗಲ ಇರಲಿ. ತಳದಲ್ಲಿ ಪೈನ್ ಮರದ ಹೆರೆಪುಡಿ ಎರಡು ಮೂರು ಇಂಚು ಹಾಸಿ. ಸೀಡರ್ ಮರದ್ದು ಬೇಡ, ಅದರ ವಾಸನೆ ಉಸಿರಿಗೆ ಕೆಟ್ಟದ್ದು. ಪೆಟ್ಟಿಗೆ ಕಟ್ಟುವ ಎರಡು ವಾರ ಮುಂಚೆಯಿಂದ ಬೆಳಕನ್ನು ನಿಧಾನಕ್ಕೆ 13 ಗಂಟೆಗೆ ಏರಿಸಿ. ಆಗಿನಿಂದ ಮೊಳಕೆ ಕಾಳು, ಚಿಪ್ಪಿನ ಸಮೇತ ಪುಡಿಮಾಡಿದ ಬೆಂದ ಮೊಟ್ಟೆ ವಾರಕ್ಕೆ ಮೂರು ದಿನ ಕೊಡಬಹುದು. ಮರಿ ಒಡೆದ ಮೇಲೆ ದಿನಾ ಕೊಡಿ. ಹಾಕಿದ ಮೂರು ಗಂಟೆಗೆ ತೆಗೆದುಬಿಡಿ, ಬಿಸಿಲುಕಾಲದಲ್ಲಿ ಇನ್ನೂ ಬೇಗ. ಮೊಳಕೆ ಕಾಳು ಹುಳಿ ವಾಸನೆ ಬಂದರೆ ಪೂರ್ತಿ ಚೆಲ್ಲಿ.

ಮೊಟ್ಟೆ ಇಟ್ಟ ಏಳನೇ ದಿನಕ್ಕೆ ಕತ್ತಲಲ್ಲಿ ಸಣ್ಣ ಟಾರ್ಚ್ ಹಿಡಿದು ನೋಡಿ. ಕೆಂಪು ನರಗಳು ಜೇಡರ ಬಲೆಯ ಹಾಗೆ ಹರಡಿದ್ದರೆ ಜೀವ ಇದೆ. ಮುಟ್ಟಿ ಎತ್ತಬೇಡಿ, ಇದ್ದಲ್ಲೇ ಬೆಳಕು ಬಿಡಿ. ಮುತ್ತು ಹಗಲು ಕೂತಿರುವಾಗ ಬುಸುಗುಟ್ಟುತ್ತಾನೆ, ಅವನು ಎದ್ದು ಊಟಕ್ಕೆ ಬಂದಾಗ ನೋಡಿ.